ಕಿಲುಬಿನೊಳಗಿನ ಮುಖ: ಕಾನ್‌ಸ್ಟಂಟೈನ್ ಕಾಲದ ಕಾಸುಗಳನ್ನು ಬಿಡಿಸಿದ ಬಗೆ

ರೋಮನ್ ನಾಣ್ಯ ಎಂದೊಡನೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ಹೊಳೆಯುವ ಚಿನ್ನ ಮತ್ತು ಬೆಳ್ಳಿ. ನನ್ನ ಮನಸ್ಸನ್ನು ಹಿಡಿದಿರುವುದು ಅವಲ್ಲ, ನಾಲ್ಕನೆಯ ಶತಮಾನದ ಕಂಚಿನ ಚಿಲ್ಲರೆ. ಸಂತೆಯಲ್ಲಿ ಕೈಯಿಂದ ಕೈಗೆ ಓಡಾಡಿ, ಎಲ್ಲೋ ಜಾರಿ ಬಿದ್ದು, ಹೊಲದ ಮಣ್ಣಿನಲ್ಲಿ ಹೂತುಹೋದ ಕಾಸುಗಳು ಇವು. ಹೆಬ್ಬೆರಳ ಉಗುರಿನಷ್ಟು ಅಗಲದ ಲೋಹದ ಮೇಲೆ ಚಕ್ರವರ್ತಿಯ ಮುಖ, ಅವನ ಬಿರುದು, ಆಳುವವರು ಪ್ರಜೆಗಳಿಗೆ ಹೇಳಬಯಸಿದ ಒಂದು ಮಾತು, ಅಚ್ಚು ಹಾಕಿದ ಊರಿನ ಗುರುತು ಎಲ್ಲವನ್ನೂ ಹಿಡಿಸಿದ್ದಾರೆ. ಇಷ್ಟು ಅಗ್ಗದ ನಾಣ್ಯಕ್ಕೆ ಇಷ್ಟು ಕುಸುರಿ ಏಕೆ ಬೇಕಿತ್ತು ಎಂದು ಪ್ರತಿ ಸಲವೂ ಬೆರಗಾಗುತ್ತದೆ.

ನಾನಿರುವ ಇಂಗ್ಲೆಂಡಿನ ಯಾರ್ಕ್ ನಗರದ ಅಂದಿನ ಹೆಸರು ಎಬೊರಾಕುಮ್. 306ರ ಜುಲೈ 25ರಂದು ಚಕ್ರವರ್ತಿ ಕಾನ್‌ಸ್ಟಾಂಟಿಯಸ್ ತೀರಿಕೊಂಡದ್ದು ಇಲ್ಲಿ. ಅವನ ಮಗ ಕಾನ್‌ಸ್ಟಂಟೈನ್‌ನನ್ನು ಸೈನಿಕರು ಚಕ್ರವರ್ತಿಯೆಂದು ಕೂಗಿದ್ದೂ ಇಲ್ಲಿಯೇ. ಸುತ್ತಲಿನ ಹೊಲಗಳಲ್ಲಿ ಅವನ ಮತ್ತು ಅವನ ಮಕ್ಕಳ ಕಾಲದ ಕಾಸುಗಳು ನೇಗಿಲಿಗೆ ಸಿಗುತ್ತಲೇ ಇರುತ್ತವೆ. ಲೋಹಶೋಧಕ ಹಿಡಿದು ಹೊಲ ಸುತ್ತುವ ಗೆಳೆಯರೊಬ್ಬರು ಈ ಬಾರಿ ಒಂದು ಹಿಡಿಯಷ್ಟು ಕೊಟ್ಟರು. ಅವರ ಶಿಸ್ತು ನನಗೆ ಇಷ್ಟ. ಹೊಲದ ಒಡೆಯನ ಒಪ್ಪಿಗೆಯಿಲ್ಲದೆ ಒಳಗೆ ಕಾಲಿಡುವುದಿಲ್ಲ. ಸಿಕ್ಕ ಜಾಗವನ್ನು ನಕ್ಷೆಯಲ್ಲಿ ಗುರುತಿಸುತ್ತಾರೆ. ಇಂಥ ಶೋಧಗಳನ್ನು ದಾಖಲಿಸಲು ಇಲ್ಲಿ 1997ರಿಂದ ನಡೆಯುತ್ತಿರುವ ಯೋಜನೆಯ ಅಧಿಕಾರಿಗೆ ತೋರಿಸಿ, ಸಂಖ್ಯೆ ಪಡೆದ ಮೇಲೆಯೇ ಯಾರಿಗಾದರೂ ಕೊಡುತ್ತಾರೆ. ಬ್ರಿಟನ್ನಿನ 1996ರ ಕಾಯಿದೆಯ ಪ್ರಕಾರ 300 ವರ್ಷಕ್ಕಿಂತ ಹಳೆಯ ಕಂಚಿನ ನಾಣ್ಯಗಳು ಒಂದೇ ಗಂಟಿನಲ್ಲಿ ಹತ್ತು ಅಥವಾ ಹೆಚ್ಚು ಸಿಕ್ಕರೆ, ಚಿನ್ನ ಬೆಳ್ಳಿಯವಾದರೆ ಎರಡೇ ಸಿಕ್ಕರೂ, ಅದು ನಿಧಿ, ವರದಿ ಮಾಡಲೇಬೇಕು. ನನಗೆ ಬಂದವು ಬೇರೆ ಬೇರೆ ಹೊಲಗಳಲ್ಲಿ ಬಿಡಿಯಾಗಿ ಸಿಕ್ಕವು. ಮಾರುಕಟ್ಟೆಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ, ಬಾಲ್ಕನ್ ದೇಶಗಳಿಂದ ಹೇಗೆ ಹೊರಬಂದವೆಂದು ಯಾರೂ ಬಾಯಿ ಬಿಡದ ಮಣ್ಣುಮೆತ್ತಿದ ಕಾಸುಗಳನ್ನು ನಾನು ಮುಟ್ಟುವುದಿಲ್ಲ, ಮುಟ್ಟಬೇಡಿರೆಂದೂ ಹೇಳುತ್ತೇನೆ.

ಇದನ್ನು ಒತ್ತಿ ಹೇಳಲು ಕಾರಣ ನಮ್ಮ ನೆಲದಲ್ಲಿಯೇ ಇದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ದೊರೆತಿವೆ. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿಯೂ ಬ್ರಹ್ಮಗಿರಿಯಲ್ಲಿಯೂ ಅಗೆತ ನಡೆಸಿದಾಗ ದಕ್ಷಿಣದ ಹಳೆಯ ನೆಲೆಗಳ ಕಾಲ ನಿರ್ಣಯಕ್ಕೆ ಇಂಥ ರೋಮನ್ ವಸ್ತುಗಳೇ ಆಸರೆಯಾದವು. ಬೆಂಗಳೂರಿನ ಯಶವಂತಪುರದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ಗಂಟೇ ಸಿಕ್ಕಿತ್ತು. ಮಣ್ಣಿನ ಯಾವ ಪದರದಲ್ಲಿ, ಯಾವ ಮಡಕೆಚೂರಿನ ಪಕ್ಕದಲ್ಲಿ ಸಿಕ್ಕಿತೆಂಬುದು ಗೊತ್ತಿದ್ದರೆ ಒಂದು ನಾಣ್ಯ ಇಡೀ ಊರಿನ ಕಾಲ ಹೇಳುತ್ತದೆ. ಕರ್ನಾಟಕದಲ್ಲಿ ಯಾರಿಗಾದರೂ ಹೊಲದಲ್ಲಿ ಹಳೆಯ ನಾಣ್ಯ ಸಿಕ್ಕರೆ 1962ರ ಕರ್ನಾಟಕ ನಿಧಿ ಕಾಯಿದೆ ಮತ್ತು 1972ರ ಪ್ರಾಚ್ಯವಸ್ತು ಕಾಯಿದೆ ಎರಡೂ ಅನ್ವಯಿಸುತ್ತವೆ. ತೊಳೆಯದೆ, ತಿಕ್ಕದೆ ಹಾಗೆಯೇ ಜಿಲ್ಲಾಧಿಕಾರಿಯವರ ಗಮನಕ್ಕೆ ತನ್ನಿರಿ. ಮುಂದೆ ಬರೆದಿರುವುದು ದಾಖಲಾಗಿ, ಸಕ್ರಮವಾಗಿ ಕೈಸೇರಿದ ಸಾಮಾನ್ಯ ಕಂಚಿನ ಕಾಸುಗಳಿಗೆ ಮಾತ್ರ.

ಮುಖ ಇರುವುದು ಎಲ್ಲಿ?

ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ಸಂಗತಿ ತಲೆಯಲ್ಲಿ ಗಟ್ಟಿಯಾಗಿ ಕೂರಬೇಕು. ನೆಲದಲ್ಲಿ ಸಾವಿರದೇಳುನೂರು ವರ್ಷ ಮಲಗಿದ ಕಂಚಿನ ನಾಣ್ಯದಲ್ಲಿ ಚಕ್ರವರ್ತಿಯ ಮುಖ ಲೋಹದ ಮೇಲೆ ಉಳಿದಿರುವುದಿಲ್ಲ. ಅದು ಉಳಿದಿರುವುದು ಕಿಲುಬಿನಲ್ಲಿ.

ತಾಮ್ರ ಮಣ್ಣಿನ ತೇವ, ಗಾಳಿಗಳ ಜೊತೆ ಸೇರುತ್ತಾ ಮೇಲಿನಿಂದ ಒಳಕ್ಕೆ ಖನಿಜವಾಗುತ್ತಾ ಹೋಗುತ್ತದೆ. ಲೋಹಕ್ಕೆ ಅಂಟಿಕೊಂಡಂತೆ ಕೆಂಪು ಕ್ಯೂಪ್ರೈಟ್, ಅದರ ಮೇಲೆ ಹಸಿರು ಮ್ಯಾಲಕೈಟ್, ಎಲ್ಲಕ್ಕೂ ಹೊರಗೆ ಮರಳು ಜೇಡಿಗಳನ್ನು ನುಂಗಿ ಗಂಟುಕಟ್ಟಿದ ಒರಟು ಪದರ. ಅಚ್ಚಿನ ಏಟಿಗೆ ಮೂಡಿದ ಮೂಲ ಮೈಯ ಗಡಿ ಈ ಪದರಗಳ ನಡುವೆ ಎಲ್ಲೋ ಇರುತ್ತದೆ. ನಿಧಾನವಾಗಿ, ಸಮವಾಗಿ ನಡೆದ ಬದಲಾವಣೆಯಾದರೆ ಆ ಗಡಿಯಲ್ಲಿ ಕೂದಲಿನ ಎಳೆ, ರೆಪ್ಪೆಯ ಗೆರೆ ಸಹ ಹಾಗೆಯೇ ಉಳಿಯುತ್ತವೆ. ವಸ್ತು ಬದಲಾಗಿದೆ, ಆಕಾರ ನಿಂತಿದೆ. ಆದ್ದರಿಂದ ಹೊರಗಿನ ಒರಟು ಪದರವನ್ನು ಮಾತ್ರ ಎಬ್ಬಿಸಿ, ನುಣುಪಾದ ಗಟ್ಟಿ ಹಸಿರಿನಲ್ಲಿ ನಿಲ್ಲುವುದೇ ನಮ್ಮ ಇಡೀ ಕೆಲಸ. ‘ಪೂರ್ತಿ ಸ್ವಚ್ಛ’ ಮಾಡುತ್ತೇನೆಂದು ಹೊಳೆಯುವ ಲೋಹದವರೆಗೆ ಇಳಿದರೆ ಕೈಯಲ್ಲಿ ಉಳಿಯುವುದು ಗುಳಿಬಿದ್ದ ತಾಮ್ರದ ಬಿಲ್ಲೆ.

ಅಮ್ಮ ವಿಡಿಯೊ ಕರೆಯಲ್ಲಿ ನೋಡಿ, “ಹುಣಸೆಹಣ್ಣು ಹಚ್ಚಿ ತಿಕ್ಕಬಾರದೇನಪ್ಪ, ಐದು ನಿಮಿಷದ ಕೆಲಸ” ಎಂದರು. ನಮ್ಮ ಮನೆಗಳ ತಾಮ್ರದ ಬಿಂದಿಗೆಗೆ ಅದಕ್ಕಿಂತ ಒಳ್ಳೆಯ ಔಷಧವಿಲ್ಲ. ಹುಣಸೆಯ ಹುಳಿ ಕಿಲುಬನ್ನು ಕರಗಿಸುತ್ತದೆ. ಬಿಂದಿಗೆಗೆ ಬೇಕಾದದ್ದೂ ಅದೇ, ಈ ಕಾಸಿಗೆ ಬೇಡವಾದದ್ದೂ ಅದೇ. ನಿಂಬೆರಸ, ವಿನೆಗರ್, ಪಾತ್ರೆ ಬೆಳಗುವ ಪುಡಿ ಎಲ್ಲಕ್ಕೂ ಇದೇ ಮಾತು. ವಿದ್ಯುತ್ ಹರಿಸಿ ಕಿಲುಬು ಬಿಡಿಸುವ ವಿಧಾನವನ್ನು ಕೆಲವರು ಹೊಗಳುತ್ತಾರೆ. ಅದೂ ಒಳ್ಳೆಯ ಪದರ, ಕೆಟ್ಟ ಪದರ ಎಂದು ನೋಡದೆ ಎಲ್ಲವನ್ನೂ ಕಿತ್ತೊಗೆಯುತ್ತದೆ. ತಿಂಗಳುಗಟ್ಟಲೆ ಆಲಿವ್ ಎಣ್ಣೆಯಲ್ಲಿ ಅದ್ದಿಡುವುದು ಸಂಗ್ರಾಹಕರಲ್ಲಿ ಹಳೆಯ ರೂಢಿ. ಎಣ್ಣೆಯಲ್ಲಿಯೂ ಮೃದುವಾದ ಆಮ್ಲವಿದೆ, ಜೊತೆಗೆ ಆ ಜಿಡ್ಡನ್ನು ಆಮೇಲೆ ರಂಧ್ರಗಳಿಂದ ಹೊರತೆಗೆಯುವುದು ದೊಡ್ಡ ರಗಳೆ. ನಾನು ಬಳಸುವುದಿಲ್ಲ.

ನೀರು

ಮೊದಲು ಪ್ರತಿ ಕಾಸನ್ನೂ ತೂಗಿ, ಅಗಲ ಅಳೆದು, ಎರಡೂ ಬದಿಯ ಚಿತ್ರ ತೆಗೆದು, ಶೋಧದ ಸಂಖ್ಯೆ ಬರೆದ ಸಣ್ಣ ಗಾಜಿನ ಡಬ್ಬಿಯಲ್ಲಿ ಬೇರೆಬೇರೆಯಾಗಿ ಹಾಕಿದೆ. ಎಲ್ಲವನ್ನೂ ಒಂದೇ ಬಟ್ಟಲಿನಲ್ಲಿ ನೆನೆಹಾಕಿದರೆ ಯಾವುದು ಯಾವ ಹೊಲದ್ದೆಂಬುದು ತಪ್ಪಿಹೋಗುತ್ತದೆ, ಒಂದರ ಕ್ಲೋರೈಡು (ಮಣ್ಣಿನ ಉಪ್ಪಿನಿಂದ ಬಂದು ತಾಮ್ರವನ್ನು ತಿನ್ನುವ ವಸ್ತು) ಇನ್ನೊಂದಕ್ಕೆ ಅಂಟುತ್ತದೆ. ಭಟ್ಟಿ ಇಳಿಸಿದ ನೀರೇ ಬೇಕು, ಏಕೆಂದರೆ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ನೀರು ಕಂದು ಬಣ್ಣಕ್ಕೆ ತಿರುಗಿದಾಗಲೆಲ್ಲ ಬದಲಿಸಿ, ಮೃದುವಾದ ಹಲ್ಲುಜ್ಜುವ ಬ್ರಷ್ಷಿನಿಂದ ಒತ್ತಡವಿಲ್ಲದೆ ಸವರಿ, ಮತ್ತೆ ನೆನೆಯಲು ಬಿಟ್ಟೆ. ಜೇಡಿ ಮಣ್ಣು ಇಷ್ಟಕ್ಕೇ ಬಿಡುತ್ತದೆ. ಕೆಲವು ಕಾಸುಗಳಲ್ಲಿ ಈ ಹಂತದಲ್ಲಿಯೇ ತಲೆಯ ಹೊರಗೆರೆ ಕಾಣತೊಡಗಿತು. ನೀರು ತಿಳಿಯಾಗಿಯೇ ಉಳಿಯತೊಡಗಿದ ಮೇಲೆ ತೆಗೆದು ಒಣಗಿಸಿದೆ.

ಸೂಜಿ

ಇಲ್ಲಿಂದ ಮುಂದೆ ಸೂಕ್ಷ್ಮದರ್ಶಕವಿಲ್ಲದೆ ಕೆಲಸವಿಲ್ಲ. ಹತ್ತರಿಂದ ಇಪ್ಪತ್ತು ಪಟ್ಟು ದೊಡ್ಡದಾಗಿ ತೋರಿಸುವ, ಎರಡು ಕಣ್ಣಿನಿಂದಲೂ ನೋಡಬಹುದಾದ ಸೂಕ್ಷ್ಮದರ್ಶಕ ನನ್ನದು. ಎರಡು ಕಣ್ಣು ಬೇಕು, ಏಕೆಂದರೆ ಆಳ ತಿಳಿಯಬೇಕು. ಮಣ್ಣು ಎಲ್ಲಿ ಮುಗಿದು ಮೈ ಎಲ್ಲಿ ಶುರುವಾಗುತ್ತದೆಂಬುದು ಆಳದಲ್ಲಿಯೇ ಗೊತ್ತಾಗುವುದು. ಉಪಕರಣಗಳು ಸಾಧಾರಣವೇ: ಹಿಡಿಗೆ ಸಿಕ್ಕಿಸಿದ ಹೊಲಿಗೆ ಸೂಜಿ, ಬಿದಿರಿನ ಹಲ್ಲುಕಡ್ಡಿ, ದುಂಡು ತುದಿಯ ಶಸ್ತ್ರಚಿಕಿತ್ಸೆಯ ಅಲಗು, ಸಣ್ಣ ಕುಂಚ, ಒಂದು ಬಾಟಲಿ ಆಲ್ಕೊಹಾಲು.

ಸೂಜಿಯನ್ನು ನೆಟ್ಟಗೆ ಹಿಡಿದು ಕೆರೆಯಬಾರದು. ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಮಲಗಿಸಿ, ಒರಟು ಪದರದ ಅಂಚಿನ ಕೆಳಗೆ ತುದಿ ತೂರಿಸಿ ಮೆಲ್ಲಗೆ ಎತ್ತಬೇಕು. ಸರಿಯಾದ ಗಡಿ ಸಿಕ್ಕಿತೆಂದರೆ ಪದರ ತಾನಾಗಿಯೇ ಸಿಪ್ಪೆಯಂತೆ ಚಿಮ್ಮುತ್ತದೆ, ಕೆಳಗೆ ಗಾಜಿನಂತೆ ನುಣುಪಾದ ಕಡುಹಸಿರು ಕಾಣುತ್ತದೆ. ಹಾಗೆ ಚಿಮ್ಮದೆ ಪುಡಿಪುಡಿಯಾಗಿ ಉದುರುತ್ತಿದ್ದರೆ ಗಡಿ ಇನ್ನೂ ಸಿಕ್ಕಿಲ್ಲ, ಅಥವಾ ದಾಟಿಯಾಗಿದೆ. ಕೆಂಪು ಕಂಡರೆ ತಕ್ಷಣ ಕೈ ಎತ್ತಬೇಕು, ಅದು ಕ್ಯೂಪ್ರೈಟ್. ಶುರುಮಾಡುವುದು ಯಾವಾಗಲೂ ಖಾಲಿ ಬಯಲಿನಿಂದ, ಅಂದರೆ ಮುಖಕ್ಕೂ ಬರಹಕ್ಕೂ ನಡುವಿನ ಜಾಗದಿಂದ. ಈ ಕಾಸಿನ ಮೈ ಎಷ್ಟು ಗಟ್ಟಿ, ಪದರ ಹೇಗೆ ಬಿಡುತ್ತದೆ ಎಂಬುದನ್ನು ಕೈ ಅಲ್ಲಿ ಕಲಿಯಬೇಕು. ಮೂಗು, ಕಣ್ಣು, ತುಟಿ ಕೊನೆಗೆ. ಆಗಾಗ ಒಂದು ಹನಿ ಆಲ್ಕೊಹಾಲು ಹಾಕಿದರೆ ಮಣ್ಣು ಒದ್ದೆಯಾಗಿ ಕಪ್ಪಾಗುತ್ತದೆ, ಕಿಲುಬಿನಿಂದ ಬೇರೆಯಾಗಿ ಕಾಣುತ್ತದೆ.

ಬೇಸರದ ಕೆಲಸವೆಂದು ಕೇಳಿದವರಿಗೆ ಅನ್ನಿಸಬಹುದು. ನನಗಂತೂ ಒಂದೊಂದು ಅಕ್ಷರ ಹೊರಬರುವಾಗಲೂ ಉಸಿರು ಬಿಗಿಹಿಡಿಯುತ್ತದೆ.

ಕ್ರಿಸ್ಪಸ್

ಈ ಹಿಡಿಯಲ್ಲಿ ಎಲ್ಲಕ್ಕಿಂತ ಚೆಂದವಾಗಿ ಬಂದದ್ದು, ಎಲ್ಲಕ್ಕಿಂತ ಹೆಚ್ಚು ಸಂಜೆಗಳನ್ನು ತೆಗೆದುಕೊಂಡದ್ದು ಇದೊಂದು. 19 ಮಿಲಿಮೀಟರ್ ಅಗಲ, 3 ಗ್ರಾಮಿಗೆ ತುಸು ಹೆಚ್ಚು ತೂಕ. ಮೊದಲು ತೆರೆದದ್ದು ಹಿಂಬದಿ: ಒಂದು ಬಲಿಪೀಠ, ಅದರ ಮೇಲೆ ಗೋಲ, ಗೋಲದ ಮೇಲೆ ಮೂರು ನಕ್ಷತ್ರ. ಗೋಲದ ಮೇಲೆ ಎಳೆದ ಅಡ್ಡಗೆರೆಗಳು ಸಹ ಉಳಿದಿವೆ. ಬಲಿಪೀಠದ ಮೇಲೆ ಮೂರು ಸಾಲುಗಳಲ್ಲಿ ‘ವೋಟಿಸ್’ ಮತ್ತು ರೋಮನ್ ಅಂಕಿಯಲ್ಲಿ ಇಪ್ಪತ್ತು; ಇಪ್ಪತ್ತು ವರ್ಷಗಳ ಆಳ್ವಿಕೆಗಾಗಿ ಹೊತ್ತ ಹರಕೆ. ಸುತ್ತ ‘ಬೆಯಾಟಾ ಟ್ರಾಂಕ್ವಿಲಿಟಾಸ್’, ಧನ್ಯ ನೆಮ್ಮದಿ ಎಂಬ ಘೋಷಣೆ. ಅಡಿಯಲ್ಲಿ ಪಿ, ಟಿ, ಆರ್ ಅಕ್ಷರಗಳು: ಇಂದಿನ ಜರ್ಮನಿಯ ಟ್ರಿಯರ್ ನಗರದ ಟಂಕಸಾಲೆ. ಈ ಬಗೆಯ ನಾಣ್ಯವನ್ನು 321ರಿಂದ 323ರವರೆಗೆ ಟ್ರಿಯರ್, ಲಂಡನ್, ಲಿಯಾನ್ ಟಂಕಸಾಲೆಗಳಲ್ಲಿ ಹೊಡೆದರು. ಬ್ರಿಟನ್ನಿನ ಹೊಲಗಳಲ್ಲಿ ಇವು ಅಪರೂಪವೇನಲ್ಲ.

ಮುಂಬದಿ ತೆರೆಯುವಾಗ ಕಾನ್‌ಸ್ಟಂಟೈನ್‌ನ ಮುಖವನ್ನೇ ನಿರೀಕ್ಷಿಸಿದ್ದೆ. ಮುಖ ಎಡಕ್ಕೆ ತಿರುಗಿತ್ತು. ಬಲ ಹೆಗಲ ಮೇಲೆ ಈಟಿ, ಎಡತೋಳಿನಲ್ಲಿ ಗುರಾಣಿ, ತಲೆಯ ಸುತ್ತ ಎಲೆಗಳ ಜಯಮಾಲೆ. ಬರಹದ ಮೇಲಿನ ಗಂಟು ಬಿಡಿಸುತ್ತಾ ಹೋದಂತೆ ‘ಯೂಲ್ ಕ್ರಿಸ್ಪುಸ್ ನೋಬ್ ಕೇಸ್’ ಎಂದು ಓದಲು ಬಂತು. ಕಾನ್‌ಸ್ಟಂಟೈನ್‌ನ ಹಿರಿಯ ಮಗ ಕ್ರಿಸ್ಪಸ್. 317ರಲ್ಲಿ ಅವನಿಗೆ ಕಿರಿಯ ಆಳರಸನ ಪದವಿ ಸಿಕ್ಕಿತು. 324ರಲ್ಲಿ ಪೂರ್ವ ಭಾಗದ ಚಕ್ರವರ್ತಿ ಲಿಸಿನಿಯಸ್‌ನ ವಿರುದ್ಧದ ಯುದ್ಧದಲ್ಲಿ ಹೆಲೆಸ್ಪಾಂಟ್ ಜಲಸಂಧಿಯಲ್ಲಿ ಅಪ್ಪನ ನೌಕಾಪಡೆಗೆ ಗೆಲುವು ತಂದುಕೊಟ್ಟವನು ಅವನೇ. ಎರಡು ವರ್ಷ ಕಳೆಯುವಷ್ಟರಲ್ಲಿ, 326ರಲ್ಲಿ, ಅಪ್ಪನ ಆಜ್ಞೆಯಂತೆಯೇ ಅವನ ಕೊಲೆಯಾಯಿತು. ಅದೇ ವರ್ಷ ಮಲತಾಯಿ ಫೌಸ್ಟಾಳೂ ಸತ್ತಳು. ಕಾರಣದ ಬಗ್ಗೆ ಹಳೆಯ ಬರಹಗಾರರು ನಾನಾ ಕತೆ ಹೇಳುತ್ತಾರೆ. ಕಲ್ಲಿನ ಶಾಸನಗಳಿಂದ ಕ್ರಿಸ್ಪಸ್‌ನ ಹೆಸರನ್ನು ಕೆತ್ತಿ ಅಳಿಸಿದರು. ಆದರೆ ಊರೂರಿನ ಚೀಲಗಳಿಗೆ ಸೇರಿಹೋಗಿದ್ದ ಕಾಸನ್ನು ಯಾರು ಹಿಂದಕ್ಕೆ ತರಬಲ್ಲರು? ಅಳಿಸಲು ಹೊರಟ ಆ ಹೆಸರು ನನ್ನ ಸೂಜಿಯ ತುದಿಯಲ್ಲಿ ಒಂದೊಂದೇ ಅಕ್ಷರವಾಗಿ ಎದ್ದು ಬಂದಾಗ ಆದ ರೋಮಾಂಚನವನ್ನು ಬರೆದು ತಿಳಿಸುವುದು ಕಷ್ಟ. ಚೆಲುವು ಬೇರೆ, ಚರಿತ್ರೆ ಬೇರೆ ಎನ್ನುವವರಿಗೆ ನಾನು ಈ ಕಾಸನ್ನು ತೋರಿಸುತ್ತೇನೆ.

ಕವಚದ ಅಂಚಿನಲ್ಲಿ ಇನ್ನೊಂದು ಗಂಟು ಉಳಿದಿದೆ. ಅದರ ಸುತ್ತ ಮೈ ತೀರಾ ತೆಳುವಾಗಿದ್ದು ಕೆಂಪು ಇಣುಕುತ್ತಿದೆ. ಅದನ್ನು ಹಾಗೆಯೇ ಬಿಟ್ಟೆ.

ಉಳಿದವು

ಸೂರ್ಯದೇವನ ಕಾಸು ಒಂದು ಬಂತು. ತಲೆಯ ಸುತ್ತ ಕಿರಣಗಳು, ಎತ್ತಿದ ಬಲಗೈ, ಎಡಗೈಯಲ್ಲಿ ಗೋಲ. ಸುತ್ತ ‘ಸೋಲಿ ಇನ್ವಿಕ್ಟೋ ಕೊಮಿಟಿ’, ಎಂದರೆ ಜೊತೆಗಾರನಾದ ಅಜೇಯ ಸೂರ್ಯನಿಗೆ. ಅಡಿಯಲ್ಲಿ ಪಿ, ಎಲ್, ಎನ್: ಲಂಡನ್ ಟಂಕಸಾಲೆ. 325ರಲ್ಲಿ ಮುಚ್ಚಿಹೋದ ಆ ಟಂಕಸಾಲೆಯ ಕಾಸು ಇಲ್ಲಿನ ನೆಲದಲ್ಲಿಯೇ ಸಿಕ್ಕಿದ್ದು ನನಗೆ ದೊಡ್ಡ ಸಂತೋಷ. 312ರ ಮಿಲ್ವಿಯನ್ ಸೇತುವೆಯ ಕದನದಲ್ಲಿ ಕ್ರಿಸ್ತನ ಚಿಹ್ನೆಯಿಂದ ಗೆದ್ದೆನೆಂದು ಹೇಳಿಕೊಂಡ ಕಾನ್‌ಸ್ಟಂಟೈನ್ ಅದಾದ ಮೇಲೂ ಕೆಲವು ವರ್ಷ ಸೂರ್ಯನನ್ನೇ ನಾಣ್ಯದ ಮೇಲೆ ಹೊಡೆಸುತ್ತಿದ್ದ. ಮತಾಂತರ ಒಂದೇ ರಾತ್ರಿಯಲ್ಲಿ ಆದದ್ದೆಂದು ನಂಬುವವರು ಈ ಕಾಸುಗಳ ಕಾಲಾನುಕ್ರಮವನ್ನು ನೋಡಬೇಕು. ಅಕ್ಷರಗಳ ಸಂದುಗಳಲ್ಲಿ ಬೂದಿಬಣ್ಣದ ಮಿನುಗು ಇತ್ತು. ಈ ಕಾಲದ ಕಂಚಿನ ಕಾಸಿಗೆ ಮೇಲೆ ತೆಳುವಾದ ಬೆಳ್ಳಿಯ ಲೇಪ ಕೊಡುತ್ತಿದ್ದರು. ಅದರ ಶೇಷ ಅದು. ಕಂಡ ಕೂಡಲೇ ಸೂಜಿ ಬಿಟ್ಟು ಬಿದಿರು ಕಡ್ಡಿ ಹಿಡಿದೆ.

ತೋಳದ ಮೊಲೆಯುಣ್ಣುವ ಅವಳಿ ಮಕ್ಕಳು ರೊಮ್ಯುಲಸ್ ಮತ್ತು ರೀಮಸ್, ಮೇಲೆ ಎರಡು ನಕ್ಷತ್ರ: ಇದು 330ರಲ್ಲಿ ಹೊಸ ರಾಜಧಾನಿ ಕಾನ್‌ಸ್ಟಾಂಟಿನೋಪಲ್ ಪ್ರತಿಷ್ಠಾಪನೆಯಾದ ಹೊತ್ತಿನಲ್ಲಿ ಹಳೆಯ ರೋಮ್ ನಗರದ ಗೌರವಕ್ಕೆ ಹೊರಬಂದ ಕಾಸು. ತೋಳದ ಮುಖ ಸವೆದಿದೆ, ಮಕ್ಕಳು ಚೆನ್ನಾಗಿದ್ದಾರೆ. ಇಬ್ಬರು ಸೈನಿಕರು ಧ್ವಜಸ್ತಂಭಗಳ ಪಕ್ಕ ನಿಂತಿರುವ ಕಾಸುಗಳೇ ಸಂಖ್ಯೆಯಲ್ಲಿ ಹೆಚ್ಚು, ಬ್ರಿಟನ್ನಿನಲ್ಲಿ ಹಾಗೆಯೇ. ನಡುವೆ ಎರಡು ಸ್ತಂಭವಿದ್ದರೆ 330ರಿಂದ 335ರೊಳಗಿನದು, ಒಂದೇ ಇದ್ದರೆ ಅದರ ನಂತರದ್ದು. ತಕ್ಕಡಿಯೂ ಇದನ್ನೇ ಹೇಳುತ್ತದೆ: ಎರಡು ಸ್ತಂಭದ್ದು 2.3 ಗ್ರಾಂ ತೂಗಿತು, ಒಂದು ಸ್ತಂಭದ್ದು 1.5. ಹಿಂದಿನ ಚಕ್ರವರ್ತಿ ಡಯೊಕ್ಲೀಷಿಯನ್ 294ರ ಸುಮಾರಿಗೆ ಜಾರಿಗೆ ತಂದ ಇದೇ ವಂಶದ ಮೊದಲ ಕಾಸು ಸುಮಾರು 10 ಗ್ರಾಂ ಇತ್ತು. ನಲವತ್ತು ವರ್ಷದಲ್ಲಿ ಕಾಸು ಕರಗಿದ ಪರಿ ಬೆಲೆಯೇರಿಕೆಯ ಚರಿತ್ರೆಯೇ ಹೌದು, ಅದನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ ನೋಡಬಹುದು.

ತೀರಾ ಚಿಕ್ಕದೊಂದು, 11 ಮಿಲಿಮೀಟರ್, ಒಂದು ಗ್ರಾಂ ಸಹ ಇಲ್ಲ. ಕುದುರೆಯಿಂದ ಉರುಳುತ್ತಿರುವ ಸವಾರನನ್ನು ರೋಮನ್ ಸೈನಿಕ ಈಟಿಯಿಂದ ತಿವಿಯುವ ಚಿತ್ರ. ಬರಹದ ಜಾಗದಲ್ಲಿ ಅಕ್ಷರಗಳಲ್ಲ, ಗೀಟುಗಳು. 350ರ ದಶಕದಲ್ಲಿ ಅಧಿಕೃತ ಚಿಲ್ಲರೆ ಸಾಲದಾದಾಗ ಬ್ರಿಟನ್, ಗಾಲ್ (ಇಂದಿನ ಫ್ರಾನ್ಸ್ ಸುತ್ತಲಿನ ನೆಲ) ಪ್ರಾಂತ್ಯಗಳಲ್ಲಿ ಜನ ತಾವೇ ಹೊಡೆದುಕೊಂಡ ಅನುಕರಣೆ ಇದು. ಓದಲು ಬಾರದ ಒಬ್ಬ ಕುಶಲಕರ್ಮಿ ಕಂಡದ್ದನ್ನು ಕಂಡಂತೆ ಕೆತ್ತಿದ್ದಾನೆ. ಬೀಳುತ್ತಿರುವ ಕುದುರೆಯ ಕತ್ತಿನ ಬಾಗು ಮಾತ್ರ ಅಧಿಕೃತ ನಾಣ್ಯಕ್ಕಿಂತ ಜೀವಂತವಾಗಿದೆ. ಇಂಥದನ್ನು ಖೋಟಾ ಎಂದು ಬದಿಗಿಡುವವರ ಜೊತೆ ನನಗೆ ಒಪ್ಪಿಗೆಯಿಲ್ಲ.

ಕಂಚಿನ ರೋಗ

ಸೈನಿಕರ ಕಾಸುಗಳಲ್ಲಿ ಒಂದರ ಮೇಲೆ ಒಣಗಿಸಿದ ನಂತರ ತಿಳಿಹಸಿರು ಪುಡಿ ಕಾಣಿಸಿತು. ಮುಟ್ಟಿದರೆ ಉದುರುವ, ಬೂಷ್ಟಿನಂತೆ ಕಾಣುವ ಪುಡಿ ಅದು. ಇದೇ ಕಂಚಿನ ರೋಗ. ಮಣ್ಣಿನ ಉಪ್ಪಿನಿಂದ ಹುಟ್ಟಿದ ತಾಮ್ರದ ಕ್ಲೋರೈಡು ಲೋಹದ ಪಕ್ಕದಲ್ಲಿಯೇ ಅಡಗಿರುತ್ತದೆ. ಮೇಲಿನ ಪದರ ತೆರೆದು ಗಾಳಿಯ ತೇವ ಮತ್ತು ಆಮ್ಲಜನಕ ತಾಗಿದೊಡನೆ ಅದು ಹಸಿರು ಪುಡಿಯಾಗಿ ಉಬ್ಬುತ್ತದೆ, ಜೊತೆಗೆ ಆಮ್ಲವನ್ನೂ ಬಿಡುತ್ತದೆ. ಆ ಆಮ್ಲ ಇನ್ನಷ್ಟು ತಾಮ್ರವನ್ನು ತಿಂದು ಮತ್ತೆ ಕ್ಲೋರೈಡು ಮಾಡುತ್ತದೆ. ಬಿಟ್ಟರೆ ಕಾಸಿಗೆ ತೂತು ಬೀಳುತ್ತದೆ. ಗಟ್ಟಿಯಾಗಿ ಅಂಟಿರುವ ಕಿಲುಬಿಗೂ ಇದಕ್ಕೂ ಸಂಬಂಧವಿಲ್ಲ, ಬಿದಿರು ಕಡ್ಡಿಯ ತುದಿಗೆ ಪುಡಿ ಬಂದರೆ ಮಾತ್ರ ಅನುಮಾನಿಸಬೇಕು. ಅನುಮಾನವಿದ್ದವನ್ನು ಒದ್ದೆ ಕಾಗದವಿಟ್ಟ ಮುಚ್ಚಿದ ಡಬ್ಬಿಯಲ್ಲಿ ಒಂದೆರಡು ದಿನ ಇಟ್ಟು ನೋಡುತ್ತೇನೆ. ರೋಗವಿದ್ದರೆ ಹೊಸ ಪುಡಿ ಅರಳುತ್ತದೆ.

ಪುಡಿಯನ್ನು ಸೂಜಿಯಿಂದ ಬುಡದವರೆಗೆ ತೆಗೆದು, ಸೋಡಿಯಂ ಕಾರ್ಬೊನೇಟ್ ಮತ್ತು ಬೈಕಾರ್ಬೊನೇಟ್ ಬೆರೆಸಿದ ಶೇಕಡಾ 5ರ ದ್ರಾವಣದಲ್ಲಿ ಆ ಕಾಸನ್ನು ಮುಳುಗಿಸಿದ್ದೇನೆ. ಕ್ಲೋರೈಡು ನಿಧಾನವಾಗಿ ದ್ರಾವಣಕ್ಕೆ ಇಳಿಯುತ್ತದೆ. ದ್ರಾವಣ ಬದಲಿಸುವಾಗ ಹಳೆಯದರ ಕೆಲವು ಹನಿಗೆ ನೈಟ್ರಿಕ್ ಆಮ್ಲ ಸೇರಿಸಿ, ಗುಳ್ಳೆ ನಿಂತ ಮೇಲೆ ಸಿಲ್ವರ್ ನೈಟ್ರೇಟ್ ಬಿಟ್ಟು ನೋಡುವುದು ಪರೀಕ್ಷೆ: ಬಿಳಿ ಮೋಡ ಕಟ್ಟಿದರೆ ಕ್ಲೋರೈಡು ಇನ್ನೂ ಬರುತ್ತಿದೆ ಎಂದರ್ಥ. ಕೈಗವಸು, ಕನ್ನಡಕ ಇಲ್ಲದೆ ಇದಕ್ಕೆ ಕೈ ಹಾಕಬೇಡಿ. ವಸ್ತುಸಂಗ್ರಹಾಲಯದವರು ಬಳಸುವ ಬೆಂಜೊಟ್ರಯಜೋಲ್ ಹೆಚ್ಚು ಪರಿಣಾಮಕಾರಿ, ಆದರೆ ವಿಷಕಾರಿ. ಮನೆಯ ಮೇಜಿಗೆ ಅದನ್ನು ತರಲು ನನಗೆ ಮನಸ್ಸಿಲ್ಲ.

ಮೇಣ ಮತ್ತು ಪೆಟ್ಟಿಗೆ

ಆರೋಗ್ಯವಾಗಿರುವವನ್ನು ಅಸಿಟೋನಿನಲ್ಲಿ ಅದ್ದಿ ತೇವ, ಜಿಡ್ಡು ತೆಗೆದು, ಬೆಚ್ಚಗೆ ಒಣಗಿಸಿ, ಸೂಕ್ಷ್ಮ ಹರಳಿನ ಮೇಣವನ್ನು ಕುಂಚದಿಂದ ತೆಳುವಾಗಿ ಹಚ್ಚಿದೆ. ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ 1950ರ ದಶಕದಲ್ಲಿ ರೂಪುಗೊಂಡ ಬಗೆಯ ಮೇಣ ಇದು. ಬೇಕೆಂದಾಗ ದ್ರಾವಕದಿಂದ ತೆಗೆಯಬಹುದು ಎಂಬುದೇ ಇದರ ದೊಡ್ಡ ಗುಣ. ಹತ್ತಿ ಬಟ್ಟೆಯಿಂದ ಸವರಿದೊಡನೆ ಕಡುಹಸಿರಿಗೆ ಆಳ ಬಂತು, ಕ್ರಿಸ್ಪಸ್‌ನ ಜಯಮಾಲೆಯ ಎಲೆಗಳು ಒಂದೊಂದಾಗಿ ಬಿಡಿಸಿಕೊಂಡವು. ಮಿಂಚಿಸಲು ಮಾತ್ರ ಉಜ್ಜಬಾರದು.

ಇಡುವ ಜಾಗದ ಬಗ್ಗೆ ಎರಡು ಮಾತು. ಪಿವಿಸಿಯಿಂದ ಮಾಡಿದ ಮೆತ್ತನೆಯ ನಾಣ್ಯದ ಚೀಲಗಳು ಕಾಲಕ್ರಮೇಣ ಆಮ್ಲ ಬಿಟ್ಟು ಕಾಸನ್ನು ಅಂಟಂಟಾಗಿಸುತ್ತವೆ, ಪಾಲಿಯೆಸ್ಟರ್ ಚೀಲವೇ ಆಗಬೇಕು. ಓಕ್ ಮರದ ಪೆಟ್ಟಿಗೆ ನೋಡಲು ಸುಂದರ, ಆದರೆ ಅದರ ಆಮ್ಲದ ಆವಿ ಲೋಹಕ್ಕೆ ಹಗೆ, ಮಹಾಗನಿ ಆಗಬಹುದು. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ, ಒಳಗಿನ ತೇವಾಂಶ ತೋರಿಸುವ ಸಣ್ಣ ಮಾಪಕ. ತೇವಾಂಶವನ್ನು ಶೇಕಡಾ 40ರ ಕೆಳಗೆ ಹಿಡಿದಿಟ್ಟರೆ ಅಡಗಿರುವ ಕ್ಲೋರೈಡೂ ಸುಮ್ಮನಿರುತ್ತದೆ. ಕರಾವಳಿಯಲ್ಲಿ ಯಾವುದೇ ಹಳೆಯ ತಾಮ್ರದ ನಾಣ್ಯ ಇಟ್ಟುಕೊಂಡವರು, ಅದು ಮೈಸೂರು ಅರಸರ ಕಾಲದ ಕಾಸೇ ಆಗಿರಲಿ, ಮಳೆಗಾಲಕ್ಕೆ ಮೊದಲು ಈ ವ್ಯವಸ್ಥೆ ಮಾಡಿಕೊಳ್ಳಬೇಕು.

ಪ್ರತಿ ಕಾಸಿನ ಚೀಟಿಯಲ್ಲಿ ಶೋಧದ ಸಂಖ್ಯೆ, ಹೊಲವಿರುವ ಪ್ಯಾರಿಷ್ (ಇಲ್ಲಿನ ಗ್ರಾಮ ವ್ಯಾಪ್ತಿ), ತೂಕ, ಅಗಲ, ಟಂಕಸಾಲೆ, ಕಾಲ ಮತ್ತು ನಾನು ಬಳಸಿದ ದ್ರಾವಣ, ಮೇಣಗಳ ವಿವರ ಬರೆದಿದ್ದೇನೆ. ಕ್ರಿಸ್ಪಸ್ ಕಾಸಿನ ಹೊಸ ಚಿತ್ರಗಳನ್ನು, ಬೆಳಕನ್ನು ಪಕ್ಕದಿಂದ ತಗ್ಗಿಸಿ ಬಿಟ್ಟು ತೆಗೆದವು, ದಾಖಲೆಗೆ ಸೇರಿಸಲು ಅಧಿಕಾರಿಗೆ ಕಳುಹಿಸಿದೆ. ಮೊದಲು ‘ಕಾನ್‌ಸ್ಟಂಟೈನ್ ವಂಶ, ಅಸ್ಪಷ್ಟ’ ಎಂದಷ್ಟೇ ಇದ್ದ ನಮೂದನ್ನು ಈಗ ತಿದ್ದಿದ್ದಾರೆ. ರೋಗದ ಕಾಸಿನ ದ್ರಾವಣ ಇನ್ನೂ ಬಿಳಿ ಮೋಡ ಕಟ್ಟುತ್ತಿದೆ. ಅದು ನಿಂತ ಮೇಲೆ ಭಟ್ಟಿ ಇಳಿಸಿದ ನೀರಿನಲ್ಲಿ ತೊಳೆದು, ಮತ್ತೊಮ್ಮೆ ಒದ್ದೆ ಡಬ್ಬಿಯ ಪರೀಕ್ಷೆ ಮಾಡಿ, ಗೆದ್ದರೆ ಮೇಣ ಹಚ್ಚುತ್ತೇನೆ. ಅಲ್ಲಿಯವರೆಗೆ ಅದಕ್ಕೆ ಬೇರೆ ಡಬ್ಬಿ.